ಲ್ಯಾಪ್‌ಟಾಪಿಗೆ ಇಟ್ಟ ನಿಂಬೆಹಣ್ಣು

ಆಯುಧಪೂಜೆಯ ಹಿಂದಿನ ಸಂಜೆ ಹುಣಸೂರಿನ ಬಜಾರಿನಲ್ಲಿ ನಿಂಬೆಹಣ್ಣಿನ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದೆ. ಕಾರಿನ ನಾಲ್ಕು ಚಕ್ರಕ್ಕೆ ನಾಲ್ಕು ಹಣ್ಣು ಬೇಕಿತ್ತು. ಮಾರುವ ಹೆಂಗಸು ನನ್ನ ಕೈಯನ್ನೇ ನೋಡುತ್ತಿದ್ದವಳು, "ಎಲ್ರೂ ದಪ್ಪದ್ದು ಆರಿಸ್ಕಂಡು ಓಯ್ತಾರೆ, ನೀವ್ಯಾಕವ್ವ ಗೋಲಿ ಗಾತ್ರದ್ದು ಉಡುಕ್ತಾ ಕುಂತಿದ್ದೀರಿ?" ಎಂದಳು. ಅದಕ್ಕೆ ಉತ್ತರ ಆಕೆಗೆ ಹೇಳುವಷ್ಟು ಚಿಕ್ಕದಾಗಿರಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಕೇಳಿ.

ಕಂಪಲಾಪುರದಲ್ಲಿ ನಮ್ಮ ಸೋದರತ್ತೆಯ ಮನೆ. ಮಾವನದು ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳಿಗೆ ಸೌದೆ ಒದಗಿಸುವ ವ್ಯಾಪಾರ. ತೊಂಬತ್ತರ ದಶಕದ ಕೊನೆಯಲ್ಲಿ ಸಿಲ್ವರ್ ಮರದ ಸೌದೆ ತರಲು ಕೊಡಗಿನ ಎಸ್ಟೇಟೊಂದಕ್ಕೆ ಹೋದವರು, ಅಲ್ಲಿಯ ಸಾಹುಕಾರರು ಮೂಲೆಗೆ ಹಾಕಿದ್ದ ಲ್ಯಾಪ್‌ಟಾಪೊಂದನ್ನು ಚೌಕಾಸಿ ಮಾಡಿ ತಂದರು. ಲಾರಿಯ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಟವೆಲ್ ಹಾಸಿ, ಮದುವೆ ಹೆಣ್ಣನ್ನು ಕರೆತಂದ ಹಾಗೆ ಕರೆತಂದರಂತೆ. ಆಗ ನಮ್ಮ ತಾಲ್ಲೂಕು ಕೇಂದ್ರ ಪಿರಿಯಾಪಟ್ಟಣದಲ್ಲಿಯೇ ಕಂಪ್ಯೂಟರ್ ಎಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೋಡಬೇಕಾದ ವಸ್ತು. ಅಂಥದ್ದರಲ್ಲಿ ಇಟ್ಟಿಗೆಯಷ್ಟು ದಪ್ಪದ, ಮೌಸಿನ ಬದಲು ನಡುವೆ ಗೋಲಿಯೊಂದನ್ನು ಕೂರಿಸಿದ್ದ ಆ ಕಪ್ಪು ಪೆಟ್ಟಿಗೆ ಸೌದೆ ಮಂಡಿಯ ಮೇಜನ್ನೇರಿತು. ಮಾವ ಬಾಗಿಲು ಒರಗಿಸಿಕೊಂಡು ಗೋಲಿ ಉರುಳಿಸುತ್ತ ಕೂತರೆ ಲಾರಿಯವರೂ ಹೊರಗೆ ಬೀಡಿ ಸೇದುತ್ತ ಕಾಯಬೇಕಿತ್ತು. ಏನು ಮಾಡುತ್ತಿದ್ದೀರಿ ಎಂದರೆ, "ವ್ಯವಾರ ಎಲ್ಲಾನೂ ಇದ್ರೊಳಿಕ್ಕೆ ಆಕ್ತಾ ಇವ್ನಿ" ಎನ್ನುತ್ತಿದ್ದರು. ಕೇಳಿದವರು ಹಿಂದೆ ಸರಿಯುತ್ತಿದ್ದರು.

ಆ ವರ್ಷದ ಆಯುಧಪೂಜೆಗೆ ನಾನೂ ಅಲ್ಲಿದ್ದೆ. ಟಿಲ್ಲರು, ಸ್ಕೂಟರು, ತೂಕದ ಯಂತ್ರ, ಅತ್ತೆಯ ಹೊಲಿಗೆ ಮಿಷನ್ನು, ಕೊಡಲಿ, ಗರಗಸ ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿದ್ದಾಗಿತ್ತು. ಚಕ್ರವಿದ್ದವು ನಿಂಬೆಹಣ್ಣಿನ ಮೇಲೆ ಹಾದು ದೃಷ್ಟಿ ಕಳೆದುಕೊಂಡಿದ್ದವು. ಲ್ಯಾಪ್‌ಟಾಪಿನ ಸರದಿ ಬಂತು. ಅತ್ತೆ ತಟ್ಟೆ ಹಿಡಿದು ಅನುಮಾನಿಸುತ್ತ ನಿಂತರು.

"ಇದಕ್ಕೆ ಚಕ್ರ ಇಲ್ವಲ್ಲ. ಒಂದು ಹೂ ಮಡಗಿ, ಸಾಕು ಬುಡಿ."

"ಇರೋದ್ರಲ್ಲಿ ದೊಡ್ಡ ಮಿಷಿನ್ನು ಇದು. ಇದ್ರ ದೃಷ್ಟಿ ತೆಗೀದೆ ಬುಡಾಕಾಯ್ತದಾ? ಮುಚ್ಚೋ ಜಾಗ ಐತಲ್ಲ, ಅಲ್ಲಿ ಮಡಗು" ಎಂದರು ಮಾವ.

ಅತ್ತೆ ಕೀಲಿಗಳ ಮೇಲೆ ನಿಂಬೆಹಣ್ಣು ಇಟ್ಟರು. ಮಾವ ಕಣ್ಣು ಮುಚ್ಚಿ ಕೈಮುಗಿದು, ಟಿಲ್ಲರಿನ ಹ್ಯಾಂಡಲ್ ಅದುಮುವ ಕೈಯಲ್ಲೇ ಮುಚ್ಚಳವನ್ನು ಅದುಮಿದರು. ಹಣ್ಣಿಗಿಂತ ಮೊದಲು ಪರದೆ ಒಡೆಯಿತು. ತೆರೆದು ನೋಡಿದರೆ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ, ಕೀಲಿಗಳ ಸಂದಿಯಲ್ಲೆಲ್ಲ ಕುಂಕುಮ ಕದಡಿದ ನಿಂಬೆರಸ. ಮಾವ ಅತ್ತೆಯ ಕಡೆ ತಿರುಗಿ, "ಅಷ್ಟು ದಪ್ಪ ನಿಂಬೆಅಣ್ಣು ಯಾರಾದ್ರೂ ತತ್ತಾರಾ?" ಎಂದರು.

ಹೀಗೆ ತಪ್ಪು ಹಣ್ಣಿನದಾಯಿತು, ಹಣ್ಣು ತಂದ ಅತ್ತೆಯದಾಯಿತು. ಅಂದಿನಿಂದ ಮಾವ ಮರೆತದ್ದೆಲ್ಲವೂ ಲ್ಯಾಪ್‌ಟಾಪಿನ ಒಳಗಿತ್ತು. ಯಾವ ಲೋಡು ಯಾರ ಬ್ಯಾರನ್ನಿಗೆ ಹೋಯಿತು ಎಂದು ತಬ್ಬಿಬ್ಬಾದರೆ, "ಅದ್ರಲ್ಲಿತ್ತು, ಇವ್ಳು ಆಳು ಮಾಡುದ್ಲು." ಅತ್ತೆ ಮನೆಗೆ ಸುಣ್ಣ ಹೊಡೆಸೋಣ ಎಂದರೂ ನಿಂಬೆಹಣ್ಣು, ಇನ್ನೊಂದು ಹಸು ಕಟ್ಟೋಣ ಎಂದರೂ ನಿಂಬೆಹಣ್ಣು. ಅತ್ತೆಯೂ ಅದನ್ನು ನಂಬಿಬಿಟ್ಟಿದ್ದರು. ಒಮ್ಮೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ, "ಸಣ್ಣ ಅಣ್ಣು ಆರಿಸ್ಬೇಕಿತ್ತು ಕಣವ್ವ ನಾನು" ಎಂದರು. ನನಗೆ ಆಗ ಮಾವನ ಮೇಲೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ಎಷ್ಟೋ ವರ್ಷ ಕಳೆಯಿತು. ಊರಿನ ಹೆಂಗಸರೇ ಸೇರಿ ಹಾಲಿನ ಡೈರಿ ಕಟ್ಟಿದರು. ಅತ್ತೆ ಹಾಲು ಹಾಕಿಯೇ ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ ತಂದರು. ಡೈರಿಗೆ ಹೊಸ ಅಧ್ಯಕ್ಷೆ ಬೇಕಾದಾಗ ಎಲ್ಲರೂ ಅತ್ತೆಯ ಹೆಸರೆತ್ತಿ, ಒಪ್ಪಿಸಲು ಮನೆಗೆ ಬಂದರು. ಅತ್ತೆಗೆ ಆಸೆ ಇತ್ತು. ಬಂದವರಿಗೆ ಕೇಳದೆಯೇ ಎರಡನೆಯ ಲೋಟ ಕಾಫಿ ಕೊಟ್ಟರಂತೆ. ಮಾವ ಜಗಲಿಯಿಂದಲೇ, "ಒಂದು ನಿಂಬೆಅಣ್ಣು ಮಡಗಾಕೆ ಬರದೋಳು ಡೈರಿ ನಡುಸ್ತಾಳಾ? ನನ್ನ ವ್ಯವಾರ ಪೂರ್ತಿ ಆ ಪೆಟ್ಟಿಗೇಲಿ ಕೊಳೀತಾ ಐತೆ" ಎಂದರು. ಅತ್ತೆ ತಲೆ ತಗ್ಗಿಸಿ, "ಬ್ಯಾರೆ ಯಾರ್ನಾರ ನೋಡ್ಕಳ್ರವ್ವ" ಎಂದುಬಿಟ್ಟರು.

ಪಕ್ಕದ ಮನೆಯ ನಿಂಗಮ್ಮ ಮಾತ್ರ ಎದ್ದು ಹೋಗಲಿಲ್ಲ. "ಒಡ್ದಿರೋದು ಗಾಜು ತಾನೆ? ಒಳಗಿಂದು ಬ್ಯಾರೆ ಗಾಜಲ್ಲಿ ಕಾಣಾಕಿಲ್ವಾ? ನಿಮ್ಮಣ್ಣನ ಮಗಳು ಉಣಸೂರಲ್ಲಿ ಕಂಪ್ಯೂಟ್ರು ಏಳ್ಕೊಡ್ತಾಳಲ್ಲ, ಕರಸು" ಎಂದರು. ಹೆಸರು ಕೊಡಲು ಮಾರನೆಯ ದಿನವೇ ಕೊನೆ. ನನಗೆ ಫೋನು ಬಂತು.

ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದದ್ದು ನಿಜ. ನನ್ನ ಪಾಂಡಿತ್ಯ ಮದುವೆ ಕರೆಯೋಲೆಯ ಅಂಚಿಗೆ ಬಳ್ಳಿ ಹಬ್ಬಿಸುವಲ್ಲಿಗೆ ಮುಗಿಯುತ್ತಿದ್ದದ್ದೂ ಅಷ್ಟೇ ನಿಜ. ಆದರೆ ನೆಂಟರ ಎದುರು ಇಂಥ ಸತ್ಯಗಳನ್ನು ಯಾರು ಹೇಳುತ್ತಾರೆ? ಕ್ಲಾಸಿನ ಹೊಸ ಮಾನಿಟರಿನಿಂದ ನೀಲಿ ತಲೆಯ ಕೇಬಲ್ ಬಿಚ್ಚಿಕೊಂಡು ಬಸ್ಸು ಹತ್ತಿದೆ.

ಲ್ಯಾಪ್‌ಟಾಪಿನ ಬೆನ್ನಲ್ಲಿ ಹದಿನೈದು ತೂತಿನ ಕಿಂಡಿಯೊಂದಿತ್ತು. ಗೋಡೆಯ ಟಿವಿಯ ಹಿಂದೆ ಕೈ ತೂರಿಸಿ ತಡಕಿದರೆ ಅಲ್ಲಿಯೂ ಅಂಥದ್ದೇ ಕಿಂಡಿ. ನಡುವೆ ಅಷ್ಟು ವರ್ಷದ ಅಂತರವಿದ್ದರೂ ಕೇಬಲ್ಲಿನ ಎರಡು ತುದಿಯೂ ತಕರಾರಿಲ್ಲದೆ ಕೂತವು. ನಡುಮನೆಯಲ್ಲಿ ಡೈರಿಯ ಹೆಂಗಸರೆಲ್ಲ ಮತ್ತೆ ಬಂದು ಚಾಪೆ ಹಾಸಿ ಕೂತಿದ್ದರು. ಸ್ವಿಚ್ ಒತ್ತಿದೆ. ಪೆಟ್ಟಿಗೆ ಗೊರಗೊರ ಎಂದಿತು, ಟಿವಿ ಮಾತ್ರ ಸಿಗ್ನಲ್ ಇಲ್ಲ ಎಂದಿತು. ಚಿತ್ರವನ್ನು ಹೊರಗಿನ ಪರದೆಗೆ ಕಳಿಸುವ ಕೀಲಿ ಇರುತ್ತದೆಂದು ಗೊತ್ತಿತ್ತು. ಯಾವುದೆಂದು ನೋಡಲು ಹೋದರೆ ಮೇಲಿನ ಸಾಲಿಗೆಲ್ಲ ಹಳೆಯ ಕುಂಕುಮ ಮೆತ್ತಿಕೊಂಡಿತ್ತು. ಎಲ್ಲ ತಿಳಿದವಳ ಮುಖಭಾವದಲ್ಲಿ ಒಂದೊಂದನ್ನೇ ಒತ್ತುತ್ತ ಹೋದೆ.

"ಆಗಕಿಲ್ಲ ಬುಡವ್ವ. ನಿಂಬೆರಸ ಕುಡ್ದೈತೆ ಅದು" ಎಂದರು ಮಾವ. ಪಾಪ, ಎಷ್ಟು ಸಂಕಟಪಡುತ್ತಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಯಾವ ಕೀಲಿ ಒತ್ತಿದೆನೋ, ಟಿವಿಯ ನಟ್ಟನಡುವೆ ನೀಲಿ ಆಕಾಶ, ಬಿಳಿ ಮೋಡ ಮೂಡಿತು. ಚಿತ್ರ ಸಾಲದೆ ಎರಡೂ ಪಕ್ಕ ಕಪ್ಪಗಿತ್ತು. ಹೆಂಗಸರು ಮುಂದೆ ಸರಿದು ಕೂತರು. ನಾನಿನ್ನೂ ಗೋಲಿ ಮುಟ್ಟಿರಲಿಲ್ಲ. ಪರದೆ ತಾನಾಗಿಯೇ ಹಸಿರಾಯಿತು, ಅದರ ಮೇಲೆ ಎಲೆಗಳು ಸಾಲಾಗಿ ಬಿದ್ದವು. ಆಟೀನು, ಇಸ್ಪೀಟು, ಒಬ್ಬಳು ರಾಣಿ. ಹುಡುಕುವ ಕಷ್ಟ ಬೇಡವೆಂದು, ಆನ್ ಮಾಡಿದ ಕೂಡಲೇ ಈ ಆಟವೇ ತೆರೆದುಕೊಳ್ಳುವಂತೆ ಮಾವ ಯಾರ ಕೈಯಲ್ಲೋ ಮಾಡಿಸಿಟ್ಟಿದ್ದರು.

"ಇಸ್ಪೀಟಲ್ವಾ ಇದು?" ಎಂದರು ನಿಂಗಮ್ಮ.

"ಅದು ಗೋಲಿ ತಿರುಗ್ಸೋದು ಅಭ್ಯಾಸ ಆಗ್ಲಿ ಅಂತ. ವ್ಯವಾರ ಒಳಿಕ್ಕೈತೆ, ತೆಗಿಯವ್ವ" ಎಂದರು ಮಾವ.

ತೆಗೆದೆ. ಮೂಲೆಮೂಲೆ ಹುಡುಕಿದೆ. ಮಾವ ಬರೆದದ್ದು ಎನ್ನುವ ಒಂದಕ್ಷರವೂ ಅದರಲ್ಲಿರಲಿಲ್ಲ. ಇದ್ದ ವ್ಯವಹಾರವೆಲ್ಲ ಕೆಂಪು ರಾಜನ ಕೆಳಗೆ ಕಪ್ಪು ರಾಣಿಯನ್ನು ಕೂರಿಸುವುದು ಅಷ್ಟೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಟಿವಿಯ ಹತ್ತಿರ ಬಂದು ನಿಂತರು. ಕೂಗಾಡುತ್ತಾರೆ ಎಂದು ನಾನು ಕಾದೆ. ಕೂಗಾಡಲಿ ಎಂದೂ ಆಸೆಪಟ್ಟೆ. ಅವರು ಎಲೆಗಳನ್ನು ಒಂದೊಂದಾಗಿ ನೋಡಿ, ಮಾವನನ್ನು ನೋಡಿ, ನಿಧಾನವಾಗಿ ಹೇಳಿದರು: "ಅಂಗಾರೆ ಅಣ್ಣು ದಪ್ಪ ಇರ್ನಿಲ್ಲ."

ಮಾವ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಅತ್ತೆ ನಿಂಗಮ್ಮನ ಕಡೆ ತಿರುಗಿದರು. "ನಾಳಿಕ್ಕೆ ಎಷ್ಟೊತ್ಗೆ ಓಗ್ಬೇಕು, ಎಸ್ರು ಕೊಡಾಕೆ?"

ಅತ್ತೆ ಅಧ್ಯಕ್ಷೆಯಾದರು. ನನ್ನ ಕೇಬಲ್ ಮಾತ್ರ ವಾಪಸು ಬರಲಿಲ್ಲ. ಅತ್ತೆ ಡೈರಿಗೆ ಹೋದ ಮೇಲೆ ಮಾವ ಗೋಡೆಯಗಲದ ಟಿವಿಯಲ್ಲಿ ರಾಜಾರೋಷವಾಗಿ ಇಸ್ಪೀಟಾಡುತ್ತಿದ್ದರು. ಸೀರಿಯಲ್ ಶುರುವಾಗುವುದರೊಳಗೆ ಬಿಚ್ಚಿಡಬೇಕೆಂದು ಅಧ್ಯಕ್ಷೆಯ ಅಪ್ಪಣೆಯಾಗಿತ್ತು, ಬಿಚ್ಚಿಡುತ್ತಿದ್ದರು.

ಇಷ್ಟು ನೆನೆಯುವಷ್ಟರಲ್ಲಿ ನನ್ನ ಕೈಯಲ್ಲಿ ನಾಲ್ಕು ಸಣ್ಣ ಹಣ್ಣು ಸೇರಿದ್ದವು. ಅತ್ತೆ ಅಂದೇ ಇಳಿಸಿಹೋದ ಭಾರವನ್ನು ನಾನು ವರ್ಷವರ್ಷವೂ ಈ ರಾಶಿಯ ಮುಂದೆ ಕೂತು ಆರಿಸಿ ಆರಿಸಿ ಮನೆಗೆ ಹೊರುತ್ತಿದ್ದೆ. ನಾಲ್ಕನ್ನೂ ವಾಪಸು ಸುರಿದೆ.

"ಇರೋದ್ರಲ್ಲಿ ದಪ್ಪದ್ದು ಕೊಡವ್ವ" ಎಂದೆ.