ಕನಕಪುರದಲ್ಲಿ ಕಂಡ ಹಸಿರು ಗುರುತು

ಮಾಗಡಿಯಿಂದ ಬೆಳಿಗ್ಗೆ ಹೊರಟ ರಾಮನಗರದ ಬಸ್ಸಿನಲ್ಲಿ ಹೇಗೋ ಸೀಟು ಸಿಕ್ಕಿತು. ಆಧಾರ್ ತೋರಿಸಿ ಉಚಿತ ಟಿಕೆಟ್ ತೆಗೆದುಕೊಂಡೆ. ವಾರಕ್ಕೊಮ್ಮೆ ಕನಕಪುರದ ಕಾಲೇಜೊಂದರಲ್ಲಿ ಪಾಠ ಮಾಡಿ ಬರುವುದು ನನ್ನ ಪಾಡು. ನಿದ್ದೆಗೆಟ್ಟು ಕಣ್ಣು ಉರಿಯುತ್ತಿದ್ದರೂ ಆ ದಿನ ಮನಸ್ಸು ಹಗುರವಾಗಿತ್ತು.

ರೇಷ್ಮೆಗೂಡಿನ ಚೀಲ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಅಜ್ಜಿ ಕೇಳಿದರು, "ಏನ್ ಓದ್ತಿದ್ದೀಯವ್ವಾ?"

"ಪಿಎಚ್.ಡಿ. ಅಜ್ಜಿ. ಕಂಪ್ಯೂಟರ್ ಪ್ರೋಗ್ರಾಂ ಯಾವತ್ತೂ ತಪ್ಪು ಮಾಡಲ್ಲ ಅಂತ ಸಾಬೀತು ಮಾಡೋದು."

"ಎಸ್ಟ್ ವರ್ಸಾಯ್ತು?"

"ಐದು."

"ಐದ್ ವರ್ಸದಿಂದ ಒಂದೂ ಸಾಬೀತಾಗ್ನಿಲ್ವಾ? ನಮ್ ಹುಳ ತಿಂಗ್ಳಿಗೆ ಗೂಡು ಕಟ್ತಾವಲ್ಲವ್ವಾ!"

ನಕ್ಕುಬಿಟ್ಟೆ. "ಮೊನ್ನೆ ಆಯ್ತಜ್ಜಿ," ಎಂದೆ. ತಿಂಗಳುಗಟ್ಟಲೆ ಮೊಂಡು ಹಿಡಿದಿದ್ದ ಪ್ರೂಫು, ಒಂದು ಷರತ್ತು ಸೇರಿಸಿದ್ದೇ ತಡ, ಪ್ರೂಫು ಪರೀಕ್ಷಿಸುವ ಕಂಪ್ಯೂಟರ್ ಟೂಲಿನಲ್ಲಿ 'ಸರಿ' ಎಂಬ ಹಸಿರು ಗುರುತು ಪಡೆದಿತ್ತು. ಗೈಡ್‌ಗೂ ಹೇಳಿಬಿಟ್ಟಿದ್ದೆ. "ಥೀಸಿಸ್ ಕೊಟ್ಬಿಡಮ್ಮ, ಇನ್ನು ಗಡುವು ಮುಂದಕ್ಕೆ ಹೋಗಲ್ಲ," ಎಂದಿದ್ದರು.

ರಾಮನಗರದಲ್ಲಿ ಅಜ್ಜಿ ಮಾರುಕಟ್ಟೆಯ ಕಡೆ ನಡೆದರು. ನಾನು ಸ್ಟ್ಯಾಂಡಿನೆದುರು ಆರಿಹೋದ ಇಡ್ಲಿ ತಿಂದು ಕನಕಪುರದ ಬಸ್ ಹತ್ತಿದೆ. ದಾರಿಯುದ್ದಕ್ಕೂ ನಿಂತೇ ಇದ್ದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಕ್ಲಾಸಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೊಟ್ಟು, ಅದೇ ಟೂಲಿನಲ್ಲಿ ಸರಿಯೆಂದು ಸಾಬೀತು ಮಾಡಿ ಎಂದೆ. ಸಾತನೂರಿನಿಂದ ಬರುವ ರೂಪಾ ಕೈಯೆತ್ತಿದಳು. "ಮೇಡಂ, ಏನೋ ಎಡವಟ್ಟಾಗೈತೆ. ಎರಡಕ್ಕೆ ಎರಡು ಕೂಡಿದ್ರೆ ಐದು ಅಂತ ಬರುದ್ರೂ ಹಸಿರೇ ಬತ್ತೈತೆ!"

ಎಲ್ಲರೂ ನಕ್ಕರು. ಹೋಗಿ ನೋಡಿದೆ. ಸಂಖ್ಯೆ ಹತ್ತಕ್ಕಿಂತ ಹೆಚ್ಚಿರಬೇಕು ಎಂದು ಮೇಲೆ, ಹತ್ತಕ್ಕಿಂತ ಕಡಿಮೆಯಿರಬೇಕು ಎಂದು ಕೆಳಗೆ ಷರತ್ತು ಹಾಕಿದ್ದಳು.

"ಇವೆರಡೂ ಒಟ್ಟಿಗೆ ಆಗೋ ಮಾತಲ್ಲ," ಎಂದೆ. "ಎಂದೂ ನಡೆಯದ್ದನ್ನ ನಡೀತು ಅಂದ್ಕೊಂಡ್ರೆ ಏನು ಬೇಕಾದ್ರೂ ಸಾಬೀತಾಗುತ್ತೆ. ಟೂಲ್ ಎಲ್ಲಕ್ಕೂ ಹೂಂ ಅನ್ನುತ್ತೆ."

"ಅಂಗಾರೆ ಹಸಿರು ಬಂದ್ರೆ ನಂಬೋದೆಂಗೆ ಮೇಡಂ?"

"ಕೊನೇಲಿ ಶುದ್ಧ ಸುಳ್ಳೊಂದನ್ನ ಬರೆದು ನೋಡು. ಅದಕ್ಕೂ ಹಸಿರು ಬಂದ್ರೆ..."

ಮೊನ್ನೆ ಸೇರಿಸಿದ ಷರತ್ತು ನೆನಪಾಯಿತು. ನನ್ನ ಪ್ರೂಫಿಗೆ ಈ ಪರೀಕ್ಷೆ ಮಾಡಿರಲೇ ಇಲ್ಲ. ಅಲ್ಲೇ ನೋಡಲು ಧೈರ್ಯ ಬರಲಿಲ್ಲ. ಉಳಿದ ಪಾಠ ಹೇಗೆ ಮುಗಿಸಿದೆನೋ ದೇವರೇ ಬಲ್ಲ.

ಸಂಜೆ ರಾಮನಗರದಲ್ಲಿ ಮಾಗಡಿ ಬಸ್ ಹತ್ತಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದೆ. ಪ್ರೂಫಿನ ತುದಿಗೆ 'ಸೊನ್ನೆ ಒಂದಕ್ಕೆ ಸಮ' ಎಂಬರ್ಥದ ಸಾಲು ಬರೆದೆ. ಕೆಂಪು ಬರಲಪ್ಪಾ ಎಂದು ಬೇಡಿಕೊಂಡದ್ದು ಅದೇ ಮೊದಲು. ಹಸಿರು ಬಂತು.

ಕಿಟಕಿಯಾಚೆ ಬಂಡೆಬೆಟ್ಟಗಳು ಒಂದೊಂದಾಗಿ ಹಿಂದೆ ಸರಿದವು. ಅಳುವುದಕ್ಕೂ ಶಕ್ತಿಯಿರಲಿಲ್ಲ. ಗೈಡ್‌ಗೆ ಫೋನ್ ಮಾಡಿದೆ.

"ಥೀಸಿಸ್ ರೆಡೀನೇನಮ್ಮಾ?" ಎಂದರು.

"ಇಲ್ಲ ಸರ್. ಐದು ವರ್ಷದಿಂದ ಒಂದೂ ಸಾಬೀತಾಗಿಲ್ಲ."