ಬಾಗಿಲು ತಟ್ಟದ ಓರ್ಫಾ

ಓರ್ಫಾ ಸ್ಟಿಡಮ್ ಫೇಲಾದಳು ಎಂಬ ಸುದ್ದಿ ಅವಳ ಕಾರಿಗಿಂತ ಮೊದಲೇ ಅವಳ ಊರು, ಬೆಟ್ಟಗಳ ನಡುವಿನ ಸಾರ್ವಿಸ್ ಗ್ಯಾಪ್ ತಲುಪಿತ್ತು. ಅಂಚೆ ಕಚೇರಿಯಲ್ಲಿ ಕೇಳಿದವರು ನಂಬಲಿಲ್ಲ. ನಂಬುವುದಾದರೂ ಹೇಗೆ? ದಿಬ್ಬದ ಮೇಲಿನ ವೃದ್ಧಾಶ್ರಮದಲ್ಲಿ ಇಪ್ಪತ್ತೆರಡು ವರ್ಷ ಆಯಾ ಆಗಿ ದುಡಿದವಳು, ಆ ಕಣಿವೆಯ ಅರ್ಧದಷ್ಟು ಮುದುಕರನ್ನು ಎಬ್ಬಿಸಿ, ಉಣಿಸಿ, ತೊಳೆದು, ಕಣ್ಣು ಮುಚ್ಚಿಸಿ ಕಳಿಸಿದವಳು. ಅಂಥವಳು ಆಯಾಗಳ ಪರೀಕ್ಷೆಯಲ್ಲೇ ಫೇಲಾದಳೆಂದರೆ ಪಾದ್ರಿಗೆ ಪ್ರಾರ್ಥನೆ ಬರುವುದಿಲ್ಲ ಎಂದ ಹಾಗಾಯಿತು.

ಪರೀಕ್ಷೆ ಬಂದದ್ದು ವಾಷಿಂಗ್ಟನ್ನಿನಿಂದ. ದೇಶದ ಎಲ್ಲೆಲ್ಲೋ ಮುದುಕರನ್ನು ಕುರ್ಚಿಗೆ ಕಟ್ಟಿಹಾಕುತ್ತಿದ್ದರಂತೆ, ಬೆನ್ನೆಲ್ಲ ಹುಣ್ಣಾಗುವವರೆಗೆ ಹೊರಳಿಸದೆ ಬಿಡುತ್ತಿದ್ದರಂತೆ. ಅದಕ್ಕೊಂದು ಕಾನೂನು ಬಂತು. ಆಯಾ ಆಗುವವರಿಗೆ ಎಪ್ಪತ್ತೈದು ಗಂಟೆ ತರಬೇತಿ, ಆಮೇಲೆ ಬರೆಯುವ ಪರೀಕ್ಷೆ ಒಂದು, ಕೈಕೆಲಸದ ಪರೀಕ್ಷೆ ಒಂದು. ಎರಡರಲ್ಲೂ ಪಾಸಾದವರ ಹೆಸರು ರಾಜ್ಯದ ಪಟ್ಟಿಗೆ ಏರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರು ಆ ವರ್ಷದ, ಅಂದರೆ ಸಾವಿರದ ಒಂಬೈನೂರ ತೊಂಬತ್ತರ, ಅಕ್ಟೋಬರ್ ಒಂದರ ನಂತರ ಮುದುಕರ ಮೈ ಮುಟ್ಟುವಂತಿಲ್ಲ. ಹಳಬರಿಗೆ ತರಗತಿಯಲ್ಲಿ ಕೂರುವುದರಿಂದ ವಿನಾಯಿತಿ ಸಿಕ್ಕಿತು, ಪರೀಕ್ಷೆಯಿಂದ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಕಾನೂನು ಒಳ್ಳೆಯದೇ, ಬಂದದ್ದು ಮಾತ್ರ ತಡವಾಗಿ.

ಓರ್ಫಾ ನಕ್ಕಿದ್ದಳು. ಅಜ್ಜಿಗೆ ಕೆಮ್ಮು ಕಲಿಸಲು ಬಂದರಲ್ಲ ಎಂದು ಊಟದ ಕೋಣೆಯಲ್ಲಿ ಎಲ್ಲರೆದುರೂ ಹೇಳಿದ್ದಳು. ಎಂಟನೇ ತರಗತಿಗೇ ಶಾಲೆ ಬಿಟ್ಟವಳಾದ್ದರಿಂದ ಅವಳಿಗಿದ್ದ ಅಳುಕೆಲ್ಲ ಬರೆಯುವ ಪರೀಕ್ಷೆಯದ್ದು. ಒಲೆಯ ಮೇಲೆ ಬೀನ್ಸ್ ಕಾಳು ಬೇಯುತ್ತಿದ್ದರೆ ಅವಳು ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ಎರಡು ಸಲ ತಳ ಹತ್ತಿಸಿದಳು. ಕೊನೆಗೆ ಐವತ್ತಕ್ಕೆ ನಲವತ್ತಾರು ಅಂಕ ಬಂತು. ಯಾರಿಗೂ ಸಂಶಯವೇ ಇಲ್ಲದಿದ್ದ ಕೈಕೆಲಸದಲ್ಲಿ ಮುಗ್ಗರಿಸಿದಳು.

ಆ ಪರೀಕ್ಷೆ ನಡೆಯುವುದು ಜಿಲ್ಲಾ ಕೇಂದ್ರದ ಕಾಲೇಜಿನಲ್ಲಿ. ಪರೀಕ್ಷೆಗೆ ಬಂದವರಲ್ಲೇ ಒಬ್ಬರು ರೋಗಿಯಂತೆ ಹಾಸಿಗೆಯಲ್ಲಿ ಮಲಗುತ್ತಾರೆ. ಇನ್ನೊಬ್ಬರು ಒಂದೊಂದು ಕೆಲಸಕ್ಕೂ ಹೊರಗಿನಿಂದ ಬಂದು ಐದು ಕೆಲಸ ಮಾಡಿ ತೋರಿಸಬೇಕು, ಪರೀಕ್ಷಕಿ ಮೂಲೆಯಲ್ಲಿ ನಿಂತು ಗುರುತು ಹಾಕಿಕೊಳ್ಳುತ್ತಾಳೆ. ಓರ್ಫಾ ಐದು ಸಲವೂ ಬಾಗಿಲು ತಳ್ಳಿಕೊಂಡು ನೇರ ಒಳಗೆ ಹೋದಳು. ತಟ್ಟಲಿಲ್ಲ, ತಾನು ಯಾರೆಂದು ಹೇಳಲಿಲ್ಲ. ಐದು ಸಲವೂ ಅಂಕ ಹೋಯಿತು. ಸಾಲದ್ದಕ್ಕೆ ರೋಗಿಯನ್ನು ಎಬ್ಬಿಸಿ ನಿಲ್ಲಿಸುವಾಗ ಸೊಂಟಕ್ಕೆ ಬಿಗಿಯಬೇಕಾದ ಬೆಲ್ಟನ್ನು ಬದಿಗೆಸೆದು, ಕಂಕುಳಿಗೆ ಕೈಕೊಟ್ಟು ಎತ್ತಿಬಿಟ್ಟಳು. ಬೆಲ್ಟ್ ಇಲ್ಲದೆ ಎತ್ತಿದವರಿಗೆ ಆ ಕೆಲಸವೇ ಫೇಲು.

ತರಬೇತಿಯ ಹೊಣೆ ಹೊತ್ತಿದ್ದ ನರ್ಸ್ ಜಲೀನ್, ಓರ್ಫಾಳ ಗಂಡನ ತಂಗಿಯ ಮಗಳು. ಚಿಕ್ಕವಳಿದ್ದಾಗ ಓರ್ಫಾಳ ಏಪ್ರನ್ ಹಿಡಿದು ಬೆಳೆದವಳು ಈಗ ಅವಳ ಮೇಲಧಿಕಾರಿ. ಫಲಿತಾಂಶದ ಹಾಳೆ ಹಿಡಿದು ಅವಳು ಓರ್ಫಾಳನ್ನು ಔಷಧಿಯ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು.

"ಅತ್ತೆ, ಬೆಲ್ಟ್ ಒಂದು ವಾರದಲ್ಲಿ ರೂಢಿ ಆಗತ್ತೆ. ಬಾಗ್ಲು ತಟ್ಟೋಕೆ ಏನು ಕಷ್ಟ ನಿಮಗೆ?"

"ಇಲ್ಲಿರೋರೆಲ್ಲ ನಮ್ಮೋರು ಕಣೇ. ನಮ್ಮೋರ ಬಾಗ್ಲನ್ನ ನಾನ್ಯಾಕೆ ತಟ್ಟಲಿ? ತೆರಿಗೆ ವಸೂಲಿಗೆ ಬಂದಿದೀನಾ?"

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಸಾರ್ವಿಸ್ ಗ್ಯಾಪ್‌ನಲ್ಲಿ ಬೇಲಿಯ ಹತ್ತಿರ ನಿಂತು ಒಂದು ಕೂಗು ಹಾಕಿ, ಅಂಗಳ ದಾಟಿ, ಅಡುಗೆಮನೆಯ ಬಾಗಿಲಿನಿಂದ ಒಳಗೆ ಬರುವುದೇ ಮರ್ಯಾದೆ. ಬಾಗಿಲು ತಟ್ಟುವವರು ಮೂರೇ ಜನ: ತೆರಿಗೆಯವನು, ವಿಮೆಯವನು, ಕಲ್ಲಿದ್ದಲು ಗಣಿಯ ಚಾವಣಿ ಕುಸಿದ ದಿನ ಕಂಪನಿಯಿಂದ ಬರುವವನು. ಓರ್ಫಾಳ ಮನೆಯ ಬಾಗಿಲನ್ನು ಆ ಮೂರನೆಯವನು ಒಮ್ಮೆ ತಟ್ಟಿದ್ದ. ಗಣಿಯಲ್ಲಿದ್ದ ಗಂಡ ಹಾರ್ಲಿಸ್ ಬದುಕಿ ಉಳಿದ, ಅವನ ಬೆನ್ನು ಉಳಿಯಲಿಲ್ಲ. ಓರ್ಫಾ ದಿಬ್ಬ ಹತ್ತಿ ಕೆಲಸ ಕೇಳಿದ್ದು ಅದಾದ ಮೂರನೇ ತಿಂಗಳಿಗೆ. ಬಾಗಿಲ ಮೇಲೆ ಬೆರಳಗಂಟಿನ ಸದ್ದು ಕೇಳಿದರೆ ಇವತ್ತಿಗೂ ಅವಳ ಎದೆ ಧಸಕ್ಕೆನ್ನುತ್ತದೆ.

ಜಲೀನ್‌ಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಕಡ್ಡಿ ಮುರಿದಂತೆ ಹೇಳಿದಳು. ಮರುಪರೀಕ್ಷೆ ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ. ಅಕ್ಟೋಬರ್ ಒಂದರೊಳಗೆ ಇನ್ನೊಂದು ಪರೀಕ್ಷೆ ಇಲ್ಲ. ಅದರಲ್ಲೂ ಹೋದರೆ ಓರ್ಫಾ ಕೆಳಗಿನ ಬಟ್ಟೆ ಒಗೆಯುವ ಕೋಣೆಗೆ ಹೋಗಬೇಕು, ಮೇಲಿನವರ ಹಾಸಿಗೆಯ ಹತ್ತಿರ ಸುಳಿಯುವಂತಿಲ್ಲ. ಓರ್ಫಾ ಬಾಗಿಲು ತೆಗೆದು ಹೊರಗೆ ಬಂದಳು. ಅವಳ ಪಾಲಿಗೆ ಕೆಲಸವೆಂದರೆ ಆ ಹಾಸಿಗೆಗಳೇ.

ಹಾಗಾಗಿ ಅಭ್ಯಾಸ ಶುರುವಾಯಿತು. ಮನೆಯಲ್ಲಿ ರೋಗಿ ಹಾರ್ಲಿಸ್. ಅವನು ಸುಮ್ಮನೆ ಮಲಗುವ ಜಾತಿಯವನಲ್ಲ. ಬೆಲ್ಟ್ ಬಿಗಿದರೆ ಹೇಸರಗತ್ತೆಗೆ ಜೀನು ಕಟ್ಟಿದ ಹಾಗಾಯಿತು ಎನ್ನುವನು, ಮುಖ ಒರೆಸಲು ಬಂದರೆ ನೀರು ತಣ್ಣಗಿದೆ ಎಂದು ಅಂಕ ಕಳೆಯುವನು. ಒಂದು ಸಂಜೆ ಬೆಲ್ಟ್ ಹಿಡಿದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಅವನು ಬೆಲ್ಟನ್ನು ಮುಟ್ಟಿ ನೋಡಿಕೊಂಡು, ಇದು ಪರವಾಗಿಲ್ಲ, ಕಂಕುಳು ನೋಯುವುದಿಲ್ಲ ಎಂದ. ಇಷ್ಟು ವರ್ಷ ನೋಯುತ್ತಿತ್ತೇ ಎಂದು ಅವಳು ಕೇಳಿದ್ದಕ್ಕೆ, ಹೇಳಿದ್ದರೆ ಊಟಕ್ಕೆ ಏನು ಸಿಗುತ್ತಿತ್ತೋ ಎಂದು ನಕ್ಕುಬಿಟ್ಟ. ಬೆಲ್ಟಿನ ಮೇಲಿದ್ದ ಅವಳ ಸಿಟ್ಟು ಅವತ್ತಿಗೆ ಇಳಿಯಿತು. ಬಾಗಿಲ ಮೇಲಿನದ್ದು ಹಾಗೇ ಇತ್ತು.

ಪರೀಕ್ಷೆಗೆ ನಾಲ್ಕು ದಿನ ಉಳಿದಿರುವಾಗ, ಸೋಮವಾರ ಬೆಳಿಗ್ಗೆ, ಅವಳು ಒಂಬತ್ತನೇ ಕೋಣೆಯ ಮುಂದೆ ನಿಂತಳು. ಒಳಗಿದ್ದವರು ಮಿಸ್ ತಲಿಥಾ ಐಸನ್. ಎಂಬತ್ತೆಂಟು ವರ್ಷ, ಒಂದು ಪಕ್ಕಕ್ಕೆ ಲಕ್ವ ಹೊಡೆದಿತ್ತು, ಮಾತು ನಿಧಾನ. ಒಂದು ಕಾಲಕ್ಕೆ ಓರ್ಫಾಳಿಗೆ ಮಗ್ಗಿ ಹೇಳಿಕೊಟ್ಟ ಟೀಚರು. ಎಲ್ಲಾದರೂ ಒಂದು ಕಡೆ ತಟ್ಟಲೇಬೇಕಿದ್ದರೆ ಜೊತೆಯ ಆಯಾ ಹುಡುಗಿಯರು ನೋಡಿ ನಗದ ಕಡೆ ತಟ್ಟೋಣ ಎಂದು ಅವಳು ಮೂಲೆಯ ಆ ಕೋಣೆಯನ್ನು ಆರಿಸಿಕೊಂಡಿದ್ದಳು. ಆಚೆ ಈಚೆ ನೋಡಿದಳು. ಕಳ್ಳಿಯ ಹಾಗೆ ಮೆಲ್ಲಗೆ ಎರಡು ಸಲ ತಟ್ಟಿದಳು.

ಒಳಗೆ ಏನೋ ಸರಿದಾಡಿತು. ಆಮೇಲೆ ಯಾರು ಎಂಬ ದನಿ ಬಂತು.

ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸಿದಳು. "ನಾನು ಓರ್ಫಾ ಸ್ಟಿಡಮ್. ನಿಮ್ಮ ಆಯಾ."

"ತಾಳು," ಎಂದರು ಮಿಸ್ ತಲಿಥಾ.

ಓರ್ಫಾ ತಾಳಿದಳು. ಒಂದು ನಿಮಿಷವಾಯಿತು, ಎರಡಾಯಿತು. ಬಿದ್ದುಗಿದ್ದರೇನೋ ಎಂಬ ದಿಗಿಲಿನಿಂದ ಹಿಡಿಕೆಗೆ ಕೈ ಹೋಯಿತು, ವಾಪಸು ಬಂತು. ಕೊನೆಗೆ ಒಳಗಿನಿಂದ "ಈಗ ಬಾ" ಎಂಬ ಮಾತು ಬಂದಾಗ ಹೋಗಿ ನೋಡುತ್ತಾಳೆ, ಮಿಸ್ ತಲಿಥಾ ಆಡುತ್ತಿದ್ದ ಒಂದೇ ಕೈಯಲ್ಲಿ ಕೂದಲು ಹಿಂದಕ್ಕೆ ನೀವಿಕೊಂಡಿದ್ದಾರೆ, ರಾತ್ರಿಯ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡಿದ್ದಾರೆ, ಹೊದಿಕೆಯನ್ನು ಮೊಣಕಾಲಿನ ಮೇಲೆ ಎಳೆದುಕೊಂಡಿದ್ದಾರೆ. ಮಂಚದ ತಲೆದಿಂಬಿಗೆ ಒರಗಿ ನೆಂಟರನ್ನು ಎದುರುಗೊಳ್ಳುವವರ ಹಾಗೆ ಕೂತಿದ್ದಾರೆ.

"ಆರು ವರ್ಷ ಆಯ್ತು ಓರ್ಫಾ," ಎಂದರು ಅವರು, ಒಂದೊಂದೇ ಮಾತನ್ನು ಹುಡುಕಿ ತೆಗೆಯುತ್ತ. "ಈ ಬಾಗ್ಲಿಂದ ದಿನಾ ಎಷ್ಟೋ ಜನ ಬರ್ತಾರೆ. ಒಬ್ಬರನ್ನೂ ನಾನು ಬಾ ಅಂತ ಕರೆದಿದ್ದಿಲ್ಲ."

ನಮ್ಮೂರಲ್ಲಿ ಯಾರೂ ತಟ್ಟುವುದಿಲ್ಲವಲ್ಲ ಮಿಸ್ ತಲಿಥಾ, ಅದಕ್ಕೇ ನಾನೂ ಎಂದು ಓರ್ಫಾ ತೊದಲಿದಳು.

"ನಮ್ಮೂರಲ್ಲಿ ಬೇಲಿ ಹತ್ರ ಕೂಗ್ತಾರೆ. ಅವರು ಅಂಗಳ ದಾಟಿ ಬರೋಷ್ಟರಲ್ಲಿ ನಾನು ಏಪ್ರನ್ ಸರಿ ಮಾಡ್ಕೊಂಡು ನಿಂತಿರ್ತಿದ್ದೆ. ಇಲ್ಲಿ ಅಂಗಳ ಎಲ್ಲಿದೆ?"

ಓರ್ಫಾ ಬಟ್ಟಲಿಗೆ ಬಿಸಿನೀರು ಬಿಟ್ಟಳು. ಮುಖ ತೊಳೆಸಿದಳು, ತಿಂಡಿ ತಿನ್ನಿಸಿದಳು, ಹೊರಗೆ ಬಂದು ಹೊದಿಕೆಗಳನ್ನಿಡುವ ಕೋಣೆ ಹೊಕ್ಕು ಅತ್ತಳು. ಇಪ್ಪತ್ತೆರಡು ವರ್ಷ ಅವಳು ಪ್ರೀತಿಯಿಂದಲೇ ಒಳಗೆ ನುಗ್ಗಿದ್ದಳು. ಯಾರು ಹೇಗಿದ್ದರೋ, ಅಂಗಿ ಎಲ್ಲಿತ್ತೋ, ಹಲ್ಲಿನ ಸೆಟ್ಟು ಬಾಯಲ್ಲಿತ್ತೋ ಲೋಟದಲ್ಲಿತ್ತೋ, ಅವಳು ನೋಡಿದವಳಲ್ಲ. ನಮ್ಮವರು ಎಂದುಕೊಂಡೇ ಅವರ ಅಂಗಳವನ್ನೆಲ್ಲ ತುಳಿದುಬಿಟ್ಟಿದ್ದಳು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮೂಗು ಒರೆಸಿಕೊಂಡು ಎದ್ದು ಹೋಗಿ ಹತ್ತನೇ ಕೋಣೆಯ ಬಾಗಿಲು ತಟ್ಟಿದಳು, ಆಮೇಲೆ ಹನ್ನೊಂದನೆಯದು. ಹುಡುಗಿಯರು ನಕ್ಕರು, ನಗಲಿ ಎಂದುಕೊಂಡಳು.

ಶುಕ್ರವಾರ ಕಾಲೇಜಿನಲ್ಲಿ ಅದೇ ಪರೀಕ್ಷಕಿ ಇದ್ದಳು. ಲೆಕ್ಸಿಂಗ್ಟನ್ ನಗರದಿಂದ ಬಂದ ಹಿರಿಯ ನರ್ಸು, ಸಣಕಲು ಹೆಂಗಸು, ಹುಬ್ಬು ಕೂಡ ಅಲುಗಿಸದವಳು. ಹಾಸಿಗೆಯಲ್ಲಿ ರೋಗಿಯಾಗಿ ಮಲಗಿದ್ದದ್ದು ಹತ್ತೊಂಬತ್ತರ ಒಂದು ಹುಡುಗಿ. ಓರ್ಫಾ ಹೊರಗಿನಿಂದ ಬಾಗಿಲು ತಟ್ಟಿ, ಹೆಸರು ಹೇಳಿ, ನಿಂತಳು. ಒಳಗಿನಿಂದ ಸದ್ದಿಲ್ಲ. ರೋಗಿಯಾದವಳು ಉತ್ತರ ಕೊಡಬೇಕೆಂದು ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಉಳಿದವರೆಲ್ಲ ತಟ್ಟಿದ ಕೈಯಲ್ಲೇ ಬಾಗಿಲು ತಳ್ಳಿ ಬಂದಿದ್ದರು. ಗಡಿಯಾರ ಓಡುತ್ತಿತ್ತು. ನೀವು ಒಳಗೆ ಬರಬಹುದು ಎಂದು ಕೊನೆಗೆ ಪರೀಕ್ಷಕಿಯೇ ಕರೆದಳು.

"ಕ್ಷಮಿಸಿ ಮೇಡಂ," ಎಂದಳು ಓರ್ಫಾ ಹೊರಗಿನಿಂದಲೇ. "ಕೋಣೆ ಅವರದ್ದು. ಅವರಿನ್ನೂ ಕರೆದಿಲ್ಲ."

ಪರೀಕ್ಷಕಿ ಹಾಸಿಗೆಯ ಕಡೆ ತಿರುಗಿದಳು. ಆಮೇಲೆ ಆ ಹುಡುಗಿ ತಡವರಿಸುತ್ತ ಬನ್ನಿ ಎಂದಳು. ಓರ್ಫಾ ಒಳಗೆ ಬಂದಳು.

ಪ್ರತಿ ಸಲವೂ ತಟ್ಟಿ, ಕರೆದ ಮೇಲೆ ಒಳಗೆ ಬಂದು ನಾಲ್ಕು ಕೆಲಸ ಸಲೀಸಾಗಿ ಮುಗಿಸಿದಳು. ಕೈ ತೊಳೆದಳು, ಸೋತದ್ದೆಂದು ಹೇಳಿದ್ದ ತೋಳಿಗೆ ಮೊದಲು ಅಂಗಿ ತೊಡಿಸಿದಳು, ಪಕ್ಕಕ್ಕೆ ಹೊರಳಿಸಿ ಬೆನ್ನಿಗೆ ದಿಂಬಿಟ್ಟಳು, ನೀರನ್ನು ಮಣಿಕಟ್ಟಿನ ಮೇಲೆ ಬಿಟ್ಟು ನೋಡಿ ಕಾಲು ತೊಳೆದಳು. ಐದನೆಯದು ಹಾಸಿಗೆಯಿಂದ ಕುರ್ಚಿಗೆ. ಹುಡುಗಿಯನ್ನು ಮಂಚದ ಅಂಚಿಗೆ ಕೂರಿಸಿ, ಚಪ್ಪಲಿ ಹಾಕಿಸಿ, ಕುರ್ಚಿಯ ಗಾಲಿಗೆ ಬ್ರೇಕು ಹಾಕಿ ಬಾಗಿದಳು. ಇಪ್ಪತ್ತೆರಡು ವರ್ಷದ ಹಳೆಯ ಕೈ ನೇರವಾಗಿ ಹುಡುಗಿಯ ಕಂಕುಳಿಗೆ ಹೋಯಿತು. ಬೆಲ್ಟ್ ಇನ್ನೂ ಮೇಜಿನ ಮೇಲೇ ಇತ್ತು. ಪರೀಕ್ಷಕಿಯ ಪೆನ್ಸಿಲು ಹಾಳೆಗೆ ತಗುಲಿದ್ದನ್ನು ಅವಳು ಕಂಡಳು.

ಹಿಂದಿನ ಓರ್ಫಾ ಆಗಿದ್ದರೆ ಎತ್ತಿಯೇ ಬಿಡುತ್ತಿದ್ದಳು, ಯಾರ ಮುಂದೂ ತಪ್ಪು ಒಪ್ಪಿಕೊಂಡ ಜೀವವಲ್ಲ ಅದು. ಈಗ ಅವಳು ಕೈ ಹಿಂದಕ್ಕೆ ತೆಗೆದಳು.

"ನಾನು ತಪ್ಪಿದೆ," ಎಂದಳು, ಪರೀಕ್ಷಕಿಗಲ್ಲ, ಆ ಹುಡುಗಿಗೆ. "ಹಾಗೆ ಎತ್ತಿದ್ರೆ ನಿಮ್ಮ ಕಂಕುಳು ನೋಯತ್ತೆ. ಸ್ವಲ್ಪ ಕೂತಿರಿ, ಬೆಲ್ಟ್ ಹಾಕ್ತೀನಿ."

ಎತ್ತುವ ಮೊದಲೇ ತಪ್ಪು ಹೇಳಿ ತಿದ್ದಿಕೊಂಡರೆ ಅಂಕ ಹೋಗುವುದಿಲ್ಲ ಎಂಬ ನಿಯಮ ಪುಸ್ತಕದಲ್ಲಿತ್ತು. ಅವಳಿಗೆ ಅದು ಆಗ ನೆನಪಿಗೇ ಬರಲಿಲ್ಲ. ಬೆಲ್ಟ್ ಬಿಗಿದು, ಎರಡು ಬೆರಳು ಒಳಗೆ ತೂರಿಸಿ ಸಡಿಲ ನೋಡಿ, ಮೂರು ಎಣಿಸಿ ಎಬ್ಬಿಸಿದಳು. ಹುಡುಗಿ ಹಗುರಾಗಿ ಎದ್ದು, ತಿರುಗಿ, ಕುರ್ಚಿಯಲ್ಲಿ ಕೂತಳು.

ಸಂಜೆ ನಾಲ್ಕಕ್ಕೆ ಪರೀಕ್ಷಕಿ ಹೊರಗೆ ಬಂದು ಪಾಸಾದವರ ಹೆಸರು ಓದಿದಳು. ಓರ್ಫಾಳದ್ದು ಮೊದಲ ಹೆಸರು, ಐದಕ್ಕೆ ಐದೂ ಪೂರ್ತಿ. ಹಾಳೆ ಕೈಗೆ ಕೊಡುವಾಗ ಆ ಹೆಂಗಸಿನ ಹುಬ್ಬು ಕೊನೆಗೂ ಅಲುಗಿತು. ಹನ್ನೊಂದು ತಿಂಗಳಿಂದ ಈ ಪರೀಕ್ಷೆ ನಡೆಸುತ್ತಿದ್ದೇನೆ, ಉತ್ತರಕ್ಕಾಗಿ ಕಾದವರು ನೀವೊಬ್ಬರೇ ಮಿಸೆಸ್ ಸ್ಟಿಡಮ್ ಎಂದಳು. ಓರ್ಫಾ ದಾರಿಯುದ್ದಕ್ಕೂ ಕಾರಿನ ಕಿಟಕಿ ಇಳಿಸಿ ಗಟ್ಟಿಯಾಗಿ ಹಾಡಿದಳು. ಅವಳ ಕಂಠ ಚೆನ್ನಾಗಿಲ್ಲ ಎಂಬುದು ಚರ್ಚಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ, ಅವತ್ತು ಬೆಟ್ಟಗಳಿಗೂ ಗೊತ್ತಾಯಿತು. ಹಾರ್ಲಿಸ್ ಹಾಳೆಯನ್ನು ಎರಡು ಸಲ ಓದಿ, ರೋಗಿ ಒಳ್ಳೆಯವನಿದ್ದರೆ ಯಾರು ಬೇಕಾದರೂ ಪಾಸಾಗುತ್ತಾರೆ ಎಂದು ಎಲ್ಲರ ಮುಂದೆ ಬೀಗಿದ.

ಅಕ್ಟೋಬರ್ ಒಂದರ ಬೆಳಿಗ್ಗೆ ರಾಜ್ಯದ ಪಟ್ಟಿಯಲ್ಲಿ ಓರ್ಫಾ ಸ್ಟಿಡಮ್ ಎಂಬ ಹೆಸರಿತ್ತು, ಓರ್ಫಾ ಸ್ಟಿಡಮ್ ತನ್ನ ಹಾಸಿಗೆಗಳ ನಡುವೆ ಇದ್ದಳು. ಅಷ್ಟರಲ್ಲಿ ಅವಳು ಹುಡುಗಿಯರಿಗೆಲ್ಲ ತಟ್ಟಿ ಕಾಯುವುದನ್ನು ಕಲಿಸಿಬಿಟ್ಟಿದ್ದಳು. ಕಾರಿಡಾರಿನ ತುಂಬ ಬಾಗಿಲು ತಟ್ಟುವ ಸದ್ದು, ಒಳಗಿನಿಂದ ಬಾ, ಬನ್ನಿ, ತಾಳು ಎಂಬ ದನಿಗಳು. ಹದಿನಾಲ್ಕನೇ ಕೋಣೆಯಲ್ಲಿ ಡೆಲ್ಬರ್ಟ್ ನೇಪಿಯರ್ ಎಂಬ ಹಳೆಯ ಗಣಿ ಕೆಲಸಗಾರನಿದ್ದ. ಕಣ್ಣು ಕಾಣದು, ಕಾಲು ನಡೆಸದು, ಮೂರು ವರ್ಷದಿಂದ ಯಾರು ಏನು ಮಾಡಿದರೂ ಗೋಡೆಯ ಕಡೆ ಮುಖ ಮಾಡಿ ತುಟಿ ಬಿಚ್ಚದೆ ಮಲಗಿದವನು. ಓರ್ಫಾ ತಿಂಡಿಯ ತಟ್ಟೆ ಹಿಡಿದು ಅವನ ಬಾಗಿಲು ತಟ್ಟಿ ಹೆಸರು ಹೇಳಿದಳು.

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ತುಕ್ಕು ಹಿಡಿದ ದನಿಯೊಂದು ಹೊರಟಿತು.

"ಈಗ ಬರಬೇಡ."

ತಟ್ಟೆಯಲ್ಲಿ ಬಿಸ್ಕತ್ತೆಂಬ ಮೆತ್ತನೆಯ ರೊಟ್ಟಿಯೂ ಗ್ರೇವಿಯೂ ಆರುತ್ತಿದ್ದವು. ಓರ್ಫಾ ಸ್ಟಿಡಮ್‌ಗೆ ಮುಖದ ತುಂಬ ನಗು ಬಂತು. ಆಗಲಿ ಮಿಸ್ಟರ್ ನೇಪಿಯರ್, ನೀವು ಹೇಳಿದಾಗ ಬರುತ್ತೇನೆ ಎಂದು ಹೇಳಿ, ಗೋಡೆಗೆ ಒರಗಿ ಅವನು ಕರೆಯುವ ತನಕ ನಿಂತಳು.