ಮಾವನ ಕೋವಿಗೆ ಮದ್ದು

ನಾನು ಹುಟ್ಟಿ ಬೆಳೆದದ್ದು ಕೆ.ಆರ್. ನಗರದ ನಾಲೆ ಬಯಲಿನಲ್ಲಿ. ಅಲ್ಲಿ ಗದ್ದೆಗೆ ನುಗ್ಗುವ ದೊಡ್ಡ ಪ್ರಾಣಿಯೆಂದರೆ ಪಕ್ಕದ ಮನೆಯ ಎಮ್ಮೆ. ಕೋವಿಯನ್ನು ನಾನು ಹತ್ತಿರದಿಂದ ನೋಡಿದ್ದು ಮದುವೆಯಾಗಿ ಪಿರಿಯಾಪಟ್ಟಣದ ಕಡೆಯ ಈ ಕಾಡಂಚಿನ ಊರಿಗೆ ಬಂದ ಮೇಲೆ. ನಡುಮನೆಯ ಗೋಡೆಯಲ್ಲಿ, ದೇವರ ಪಟಗಳ ಪಕ್ಕದಲ್ಲೇ, ಎರಡು ಗೂಟಗಳ ಮೇಲೆ ಅದನ್ನು ಮಲಗಿಸಿದ್ದರು. ನಳಿಗೆಯ ಬಾಯಿಂದ ಮದ್ದು ಸುರಿದು, ಕಬ್ಬಿಣದ ಸರಳಿನಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಪುಟ್ಟ ಕೇಪು ಸಿಕ್ಕಿಸಿ ಹೊಡೆಯುವ ಹಳೇ ಕಾಲದ ಒಂಟಿ ನಳಿಗೆ ಕೋವಿ. ಬೆಳೆ ಕಾವಲಿಗೆಂದು ಮಾವನ ಹೆಸರಿನಲ್ಲಿ ಲೈಸೆನ್ಸ್ ಇತ್ತು. ಅವರಿಗೆ ವಯಸ್ಸಾದ ಮೇಲೆ ನನ್ನ ಗಂಡನ ಹೆಸರನ್ನೂ ಅದಕ್ಕೆ ಸೇರಿಸಿದ್ದರು.

ಮಾವ ಅದರಿಂದ ಏನನ್ನಾದರೂ ಕೊಂದದ್ದನ್ನು ನಾನು ಕಾಣೆ. ಜೋಳಕ್ಕೆ ಹಂದಿ ಬಿದ್ದರೆ ಗುಂಡಿಲ್ಲದೆ ಬರೀ ಮದ್ದು ತುಂಬಿ ಸದ್ದು ಮಾಡುತ್ತಿದ್ದರು. ಇನ್ನು ಅದರ ಸದ್ದು ಕೇಳುತ್ತಿದ್ದದ್ದು ಸಾವಾದಾಗ. ಮಾವನೂ ಅವರ ಅಕ್ಕನೂ ಚಿಕ್ಕಂದಿನಲ್ಲಿ ಹೊಳೆಯ ಆಚೆಯಿಂದ, ಕೊಡಗಿನ ಸೀಮೆಯಿಂದ, ಇಲ್ಲಿಗೆ ಬಂದವರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು ಸಲ ಕೋವಿ ಹಾರಿಸಿಯೇ ಹೆಣ ಎತ್ತುವುದು ಅವರ ಕಡೆಯ ಪದ್ಧತಿ. ನನ್ನ ಅತ್ತೆ ಹೋದಾಗ ಮಾವನೇ ಅಂಗಳದಲ್ಲಿ ನಿಂತು ಹಾರಿಸಿದರು. ಎರಡನೆಯದಕ್ಕೆ ಮದ್ದು ಸುರಿಯುವಾಗ ಅರ್ಧ ನೆಲಕ್ಕೆ ಚೆಲ್ಲಿತ್ತು.

ಮದ್ದಿನ ಕೆಲಸ ನನಗೆ ಅಂಟಿದ್ದು ಹೇಗೆ ಎಂದು ಈಗ ಯೋಚಿಸಿದರೆ ನಗು ಬರುತ್ತದೆ. ಬಿಸಿಲು ಕಾಲದಲ್ಲಿ ಮಾವ ಅದನ್ನು ಮೊರಕ್ಕೆ ಹಾಕಿ, ಒಲೆಯಿಂದ ದೂರ, ಹಿತ್ತಲ ಕಲ್ಲಿನ ಮೇಲೆ ಒಣಗಲು ಇಡುತ್ತಿದ್ದರು. ಕೋಳಿ ಬಂದು ಕೆದಕದಂತೆ ಕಾಯುವ ಕೆಲಸ ನನ್ನದು. ಆಮೇಲೆ ಮೈಸೂರಿನ ಅಂಗಡಿಗೂ ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಅವರ ಕಣ್ಣು ಮಂಜಾಗಿತ್ತು. ಅಂಗಡಿಯವನು ಕಾಗದದ ಮೇಲೆ ಚೂರುಚೂರು ಸುರಿದು ತೋರಿಸುತ್ತಿದ್ದ. ಮಾವ ಒಂದು ಚಿಟಿಕೆ ತೆಗೆದು ಬೆರಳ ಮಧ್ಯೆ ಉಜ್ಜಿ, ನನ್ನ ಅಂಗೈಗೂ ಹಾಕುತ್ತಿದ್ದರು.

"ನೋಡವ್ವ, ಕಾಳು ಕಾಳಾಗಿದ್ಯಾ, ಪುಡಿಪುಡಿ ಆಗದಾ? ಬಾಳ ನುಣ್ಣಗಿದ್ರೆ ಒಂದೇ ಸಲಕ್ಕೆ ಭಗ್ ಅಂತದೆ. ನಳಿಗೆ ತಡೀಬೇಕಲ್ಲ. ನಮ್ದು ಮುದುಕಿ ಕಣವ್ವ, ಅದ್ಕೆ ಒರಟು ಕಾಳೇ ಸರಿ."

ಒಮ್ಮೆ ಅಂಗಡಿಯ ಗಾಜಿನ ಕಪಾಟಿನಲ್ಲಿ ಬೇರೆ ಬಣ್ಣದ ಡಬ್ಬಿಗಳನ್ನು ಕಂಡು, "ಅದೇನು ಮಾವ?" ಎಂದು ಕೇಳಿದೆ.

"ಅದು ತೋಟೆಗೆ ತುಂಬೋದು. ಬ್ಯಾರೆ ಜಾತಿ ಮದ್ದು. ಅದ್ನ ನಮ್ ಕೋವಿಗೆ ಹಾಕ್ದೋರ ಕೈ ಉಳ್ದಿಲ್ಲ" ಎಂದು, ಬೇಗ ಹೊರಡಿಸಿದರು.

ಮಾವ ಹಾಸಿಗೆ ಹಿಡಿದದ್ದು ಬೇಸಿಗೆಯ ಕೊನೆಯಲ್ಲಿ. ಮುಂಗಾರು ಹಿಡಿಯಿತು. ಹೊಗೆಸೊಪ್ಪು ಮುರಿಯುವುದು, ಕೋಲಿಗೆ ಕಟ್ಟುವುದು, ಸೊಪ್ಪು ಹದ ಮಾಡುವ ಮನೆಗೆ, ಅದೇ ಬ್ಯಾರನ್ನಿಗೆ, ಬೆಂಕಿ ಹಾಕಿ ಬೇಯಿಸುವುದು, ನಡುವೆ ಮಾವನ ಮೈ ಒರೆಸಿ ಗಂಜಿ ಕುಡಿಸುವುದು. ಹೊಸ ಮದ್ದು ತರುವುದಿರಲಿ, ಇದ್ದದ್ದನ್ನು ಒಣಗಿಸಲೂ ಯಾರಿಗೂ ನೆನಪಾಗಲಿಲ್ಲ. ಅವರು ಒಂದು ಬೆಳಿಗ್ಗೆ, ಸೊಪ್ಪು ಕಟ್ಟುವ ಆಳುಗಳು ಆಗಷ್ಟೇ ಬಂದು ಕೂತಿದ್ದಾಗ, ಉಸಿರು ನಿಲ್ಲಿಸಿದರು.

ಅವರ ಅಕ್ಕನನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು. ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದು ಉಳಿದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು. ತಮ್ಮನ ತಲೆಯ ಹತ್ತಿರ ಕೂತು, ಹಣೆಯಿಂದ ಗಲ್ಲದವರೆಗೆ ಒಮ್ಮೆ ಸವರಿ ನೋಡಿದರು. ಅಳಲಿಲ್ಲ.

"ಕೋವಿ ಹೊಡೀರಿ" ಎಂದರು.

ನನ್ನ ಗಂಡ ಕೋವಿ ಇಳಿಸಿ, ಮದ್ದಿನ ಡಬ್ಬಿ ತೆರೆದ. ಒಳಗೆ ಬೆಲ್ಲದಚ್ಚಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಕಡ್ಡಿಯಿಂದ ಕೆದಕಿ, ಉದುರಿದಷ್ಟನ್ನು ಸುರಿದು, ಜಡಿದು, ಅಂಗಳಕ್ಕೆ ಹೋಗಿ ಆಕಾಶಕ್ಕೆ ಹಿಡಿದ. ಚಟ್ ಎಂದು ಕೇಪು ಸಿಡಿಯಿತು, ಅಷ್ಟೇ. ಇನ್ನೊಂದು ಕೇಪು ಇಟ್ಟ. ಚಟ್. ಬಂದಿದ್ದ ಜನ ತಲೆ ತಗ್ಗಿಸಿ ನಿಂತರು. ಒಳಗಿನಿಂದ ದೊಡ್ಡವ್ವನ ದನಿ: "ಯಾಕ್ಲಾ ಮಗ, ಇನ್ನೂ ಹೊಡೀಲಿಲ್ಲ?"

ಬಿಸಿಲಿನ ಸುಳಿವೇ ಇರಲಿಲ್ಲ. ಅವನು ಡಬ್ಬಿ ಹಿಡಿದು ಬ್ಯಾರನ್ನಿನ ಕಡೆ ಹೊರಟ. ನಾನು ಹಿಂದೆಯೇ ಓಡಿದೆ.

"ಎಲ್ಲಿಗ್ರೀ?"

"ಬ್ಯಾರನ್ ಗ್ವಾಡೆ ಬಿಸಿ ಅದೆ. ಒಂದ್ ಗಳಿಗೆ ಇಟ್ರೆ ಒಣಗ್ತದೆ."

"ಒಳಗೆ ಬೆಂಕಿ ಉರೀತಾ ಅದೆ. ಬ್ಯಾರನ್ನು, ಆಳುಗಳು, ನೀವು, ಎಲ್ಲಾ ಹಾರೋಗ್ತೀರಿ. ಕೊಡಿ ಇಲ್ಲಿ."

ಡಬ್ಬಿಯನ್ನು ಕಿತ್ತುಕೊಂಡೆ. ಅವನು ಜಗಳವಾಡಲಿಲ್ಲ. ಫೋನು ತೆಗೆದು ಮೈಸೂರಿನ ಅಂಗಡಿಗೆ ಮಾಡಿದ. ಮದ್ದು ಬಂದು ಬಹಳ ದಿನವಾಯಿತು, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಹುಣಸೂರಿನ ಕಡೆ ಕೋವಿ ಇದ್ದ ಇಬ್ಬರಿಗೆ ಮಾಡಿದ. ಒಬ್ಬರು ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ವರ್ಷಗಳಾಗಿದ್ದವು. ಇನ್ನೊಬ್ಬರು ಫೋನನ್ನೇ ಎತ್ತಲಿಲ್ಲ. ಕೊನೆಗೆ ತನ್ನ ಭಾವನಿಗೆ, ಅಂದರೆ ನನ್ನ ನಾದಿನಿಯ ಗಂಡನಿಗೆ, ಮಾಡಿದ. ಅವರು ಆಗಲೇ ನಮ್ಮ ಊರಿಗೆ ಹೊರಡುವುದರಲ್ಲಿದ್ದರು. "ಭಾವ, ಮದ್ದು ತನ್ನಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟ.

ಅವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಅಣ್ಣನಿಗೆ ಕೋವಿಯೆಂದರೆ ಹುಚ್ಚು. ಅವರದು ತೋಟೆ ಕೋವಿ, ಮದ್ದು ಗುಂಡು ಎರಡೂ ತುಂಬಿದ ಕೊಳವೆಯನ್ನು ಹಿಂದಿನಿಂದ ತೂರಿಸಿ ಹೊಡೆಯುವಂಥದು. ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯಗಳಿಗೆ ಹೋಗುತ್ತಿದ್ದರು. ಅದಕ್ಕೆ ಅಪ್ಪಣೆ ಪಡೆದುಕೊಂಡು, ಖಾಲಿ ತೋಟೆಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಿದ್ದರು. ಅವರ ಮನೆಗೆ ಹೋದಾಗಲೆಲ್ಲ ಯಾವ ಮದ್ದು ಬೇಗ ಉರಿಯುತ್ತದೆ, ಯಾವುದು ನಿಧಾನ, ಯಾವ ಚರೆಗುಂಡಿಗೆ ಯಾವುದು ಹೊಂದುತ್ತದೆ ಎಂದು ಊಟ ಆರುವವರೆಗೂ ಹೇಳುತ್ತಿದ್ದರು.

ಅವರು ಬಂದಾಗ ಮಧ್ಯಾಹ್ನ ದಾಟಿತ್ತು. ಗುಂಡಿ ತೆಗೆದವರು ಆಗಲೇ ಹೊಲದಿಂದ ವಾಪಸು ಬಂದು ಜಗುಲಿಯಲ್ಲಿ ಕೂತಿದ್ದರು. ಅಣ್ಣ ಮೊದಲು ನಳಿಗೆಯೊಳಗಿನ ಒದ್ದೆ ಮದ್ದನ್ನು ತಾವೇ ಜಾಗ್ರತೆಯಾಗಿ ಕೆದಕಿ ತೆಗೆದರು. ನನ್ನ ಗಂಡ ಅವರ ಚೀಲದಲ್ಲಿದ್ದ ಡಬ್ಬಿ ಕೇಳಿದ.

"ಈ ಕೋವಿಗಾ?" ಅಣ್ಣ ಗಾಬರಿಯಾದರು. "ಮದ್ದು ಅಂದಿದ್ಕೆ ನನ್ ಕೋವಿ ತರೋಕೆ ಹೇಳ್ತಾ ಇದ್ದೀಯ ಅಂದ್ಕೊಂಡು ಅದ್ನೂ ತಂದೆ. ಇದು ತೋಟೆ ಮದ್ದು ಕಣೋ. ಇದಕ್ಕೆ ಆಗಕಿಲ್ಲ, ನಳಿಗೆ ಸಿಡೀತದೆ. ನನ್ ಕೋವೀಲಿ ಎರಡು ಹಾರುಸ್ತೀನಿ, ಬುಡು."

ದೊಡ್ಡವ್ವನಿಗೆ ಅದು ಕೇಳಿಸಿತು. ಎದ್ದು ಬಂದು ಹೊಸಿಲಿಗೆ ಅಡ್ಡಲಾಗಿ ಕೂತುಬಿಟ್ಟರು.

"ಅವನ ಕೋವಿ ಸದ್ದು ಆಗ್ದೆ ನನ್ ತಮ್ಮನ್ನ ಎತ್ತಂಗಿಲ್ಲ. ಊರೋರ ಸಾವಿಗೆಲ್ಲ ಕೋವಿ ಹೊಡ್ದವ್ನು ಅವನು. ಅವನಿಗೆ ಬ್ಯಾರೆಯೋರ ಕೋವಿನಾ?"

ಯಾರ ಮಾತನ್ನೂ ಅವರು ಕೇಳಲಿಲ್ಲ. ಹಿರಿಯರು ಹೇಳಿದರು, ನಾದಿನಿ ಕಾಲು ಹಿಡಿದಳು. ಕತ್ತಲಾಗುವ ಮುಂಚೆ ಮಣ್ಣಾಗಬೇಕು ಎಂದು ಜನ ಗೊಣಗತೊಡಗಿದರು. ಆ ಗಲಾಟೆಯಲ್ಲಿ ನನ್ನ ಗಂಡ ಕಾಣಲಿಲ್ಲ. ಗೋಡೆಗೆ ಒರಗಿಸಿದ್ದ ಕೋವಿಯೂ ಇರಲಿಲ್ಲ.

ಕೊಟ್ಟಿಗೆಗೆ ಓಡಿದೆ. ಅವನು ಅಲ್ಲಿ ಕೋವಿಯ ಹಿಡಿಯನ್ನು ನೆಲಕ್ಕೂರಿ, ಮಂಡಿಗಳ ಮಧ್ಯೆ ನಿಲ್ಲಿಸಿಕೊಂಡು, ಅಣ್ಣನ ಡಬ್ಬಿಯಿಂದ ನಳಿಗೆಗೆ ಸುರಿಯುತ್ತಿದ್ದ. ಅಂಗೈಯಲ್ಲಿ ಉಳಿದದ್ದು ಕಂಡಿತು. ಮಾವನ ಮದ್ದಿನಂಥ ಕರೀ ಕಾಳಲ್ಲ. ಬೂದು ಬಣ್ಣದ ಸಣ್ಣ ಸಣ್ಣ ಚಕ್ಕೆಗಳು.

"ಬ್ಯಾಡ ಕಣ್ರೀ. ಅಣ್ಣ ಹೇಳ್ಲಿಲ್ವಾ? ಮಾವನೂ ಹೇಳಿದ್ರು."

"ವಸಿ ಹಾಕಿವ್ನಿ. ಏನೂ ಆಗಕಿಲ್ಲ."

"ಕೈ ಹೋಯ್ತದೆ. ಕಣ್ಣು ಹೋಯ್ತದೆ."

"ಹೋಗ್ಲಿ!" ಎಂದು ಕೂಗಿದ. ಅಂಥ ದನಿಯನ್ನು ನಾನು ಅವನಿಂದ ಕೇಳಿರಲಿಲ್ಲ. "ಒಂದು ಕೆಲ್ಸ ಕಣಮ್ಮಿ. ಅಪ್ಪ ನಂಗೆ ಬುಟ್ಟಿದ್ದು ಇದೊಂದೇ ಕೆಲ್ಸ. ಅದೂ ನನ್ ಕೈಲಿ ಆಗ್ಲಿಲ್ಲ ಅಂದ್ರೆ?"

ಕೇಪಿಗಾಗಿ ಅಂಗಿಯ ಜೇಬಿಗೆ ಕೈ ಹಾಕಿದ. ನನಗೆ ಬೇರೇನೂ ತೋಚಲಿಲ್ಲ. ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಅವನು ಮುಗ್ಗರಿಸಿದ. ಹಿಂದೆ ಎಮ್ಮೆಯ ಕಲಗಚ್ಚಿನ ಬಾನಿ ತುಂಬಿ ನಿಂತಿತ್ತು. ನಳಿಗೆಯನ್ನು ತಲೆಕೆಳಗು ಮಾಡಿ ಅದರೊಳಗೆ ಅದ್ದಿ, ಮೇಲೆ ನನ್ನ ಭಾರ ಹಾಕಿ ಒತ್ತಿ ಹಿಡಿದೆ. ಗುಳುಗುಳು ಎಂದು ಗುಳ್ಳೆ ಎದ್ದವು. ಆಯುಧಪೂಜೆಯಲ್ಲಿ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದ ಕೋವಿ ಅದು.

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತೇನೋ. ಅವನು ಸಗಣಿಯ ಮೇಲೇ ಕೂತು, ಬೆಳಗಿನಿಂದ ತಡೆದಿದ್ದನ್ನೆಲ್ಲ ಅತ್ತ. ಎಮ್ಮೆ ಹೆದರಿ ಹಗ್ಗ ಜಗ್ಗುತ್ತಿತ್ತು.

ಅಣ್ಣ ತಮ್ಮ ಕೋವಿಯಲ್ಲಿ ಎರಡು ಹಾರಿಸಿದರು. ಚುರುಕಾದ, ಚಿಕ್ಕ ಸದ್ದು. ದೊಡ್ಡವ್ವ ತಲೆ ಎತ್ತಿ ಕೇಳಿದರು. "ಇದು ನನ್ ತಮ್ಮನ ಕೋವಿ ಅಲ್ಲ" ಎಂದು ಹೊಸಿಲನ್ನು ಗಟ್ಟಿಯಾಗಿ ಹಿಡಿದರು. ನಾದಿನಿಯೂ ನಾನೂ ಸೇರಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎತ್ತಿ ಪಕ್ಕಕ್ಕೆ ಕೂರಿಸಿದೆವು. ಗುಬ್ಬಿಯಷ್ಟೂ ತೂಕವಿರಲಿಲ್ಲ. ಅವರ ಪಕ್ಕದಲ್ಲೇ ಮಾವನನ್ನು ಹೊತ್ತುಕೊಂಡು ಹೋದರು.

ಮಾರನೆಯ ದಿನದಿಂದ ದೊಡ್ಡವ್ವ ಶುರು ಮಾಡಿದರು. "ತಮ್ಮ ಹೊಲದಿಂದ ಬಂದ್ನಾ?" ಮೊದಲು ನಮ್ಮ ಮೇಲಿನ ಸಿಟ್ಟಿಗೆ ಹಾಗೆನ್ನುತ್ತಾರೆ ಎಂದುಕೊಂಡೆವು. ಅಲ್ಲ. ಅವರು ನಿಜವಾಗಿಯೂ ಕಾಯುತ್ತಿದ್ದರು. "ಹೋದ್ರು ದೊಡ್ಡವ್ವ, ನೀವೇ ಮುಟ್ಟಿ ನೋಡಿದ್ರಲ್ಲ" ಎಂದರೆ, "ಸುಮ್ಕಿರು, ಹೋಗಿದ್ರೆ ಕೋವಿ ಕೇಳುಸ್ತಿರ್ಲಿಲ್ವಾ?" ಎನ್ನುತ್ತಿದ್ದರು. ನಾನು ಊಟಕ್ಕೆ ಕರೆದರೆ, ಅವನು ಬರಲಿ ಎನ್ನುವರು. ಬರಬರುತ್ತಾ ನೀರು ಬಿಟ್ಟು ಏನನ್ನೂ ಮುಟ್ಟದಾದರು. ಈ ಮನೆಯಿಂದ ಇನ್ನೊಂದು ಹೆಣವೂ ಹೊರಡುತ್ತದೆ, ಅದಕ್ಕೆ ನಾನೇ ಕಾರಣವಾಗುತ್ತೇನೆ ಎಂದು ಒಲೆಯ ಮುಂದೆ ಕೂತಾಗಲೆಲ್ಲ ಅನ್ನಿಸುತ್ತಿತ್ತು. ಗಂಡ ನನ್ನೊಡನೆ ಕೆಲಸದ ಮಾತನ್ನು ಬಿಟ್ಟು ಬೇರೆ ಆಡುತ್ತಿರಲಿಲ್ಲ.

ಲೈಸೆನ್ಸಿನ ಮೂಲ ಒಡೆಯರೇ ತೀರಿಕೊಂಡದ್ದರಿಂದ, ತಿಥಿ ಮುಗಿದ ಮೇಲೆ ಕೋವಿಯನ್ನು ತಂದೊಪ್ಪಿಸಿ ಎಂದು ಸ್ಟೇಷನ್ನಿನಿಂದ ಹೇಳಿಕಳಿಸಿದ್ದರು. ಅಷ್ಟರಲ್ಲಿ ಮೈಸೂರಿನ ಅಂಗಡಿಯಿಂದ ಫೋನು ಬಂತು, ಮದ್ದು ಬಂದಿದೆಯೆಂದು. ಇಬ್ಬರೂ ಹೋದೆವು. ಅಂಗಡಿಯವನು ಎರಡು ಬಗೆಯದನ್ನು ಕಾಗದದ ಮೇಲೆ ಸುರಿದ. ಒಂದು ನುಣುಪು, ಇನ್ನೊಂದು ಒರಟು. ಗಂಡ ನನ್ನ ಮುಖ ನೋಡಿದ. ನಾನು ಉಜ್ಜಿ ನೋಡಿ, "ಇದು" ಎಂದು ಒರಟಿನದನ್ನು ತೋರಿಸಿದೆ. ಬೆರಳಿಗೆ ಹತ್ತಿದ ಕಪ್ಪನ್ನು ಸೆರಗಿಗೆ ಒರೆಸಿಕೊಳ್ಳುವಾಗ ಮಾವ ಇಲ್ಲವೆಂಬುದು ಅಂಗಡಿಯ ನಡುವೆಯೇ ನನ್ನನ್ನು ಹಿಡಿದು ಅಲ್ಲಾಡಿಸಿತು.

ಕೋವಿಯನ್ನು ಅಣ್ಣ ಬಂದು ಬಿಚ್ಚಿ, ತೊಳೆದು, ಒರೆಸಿ, ಎಣ್ಣೆ ಹಾಕಿಟ್ಟಿದ್ದರು. ತಿಥಿಯ ಮರುದಿನ ಬೆಳಿಗ್ಗೆ ದೊಡ್ಡವ್ವನನ್ನು ಜಗುಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದೆ. ಗಂಡ ಅಂಗಳದಲ್ಲಿ ತುಂಬಿ ಹೊಡೆದ. ಗುಡುಗಿದಂತೆ ಆಯಿತು. ದೊಡ್ಡವ್ವನ ಮೈ ಜುಮ್ಮೆಂದದ್ದು ನನ್ನ ಕೈಗೆ ತಿಳಿಯಿತು. ಅವನು ಎರಡನೆಯದನ್ನು ತುಂಬಿ ಕೋವಿಯ ಕುದುರೆ ಎಳೆದ. ಕೇಪು ಸಿಡಿಯಿತು, ಮದ್ದು ಹತ್ತಲಿಲ್ಲ. ಮತ್ತೊಂದು ಕೇಪು. ಅದೂ ಹಾಗೆಯೇ. ಒಳಗೆಲ್ಲೋ ಇನ್ನೂ ತೇವವಿತ್ತೋ, ಕಸ ಕಟ್ಟಿತ್ತೋ.

ದೊಡ್ಡವ್ವ ಕಾಯುತ್ತಿದ್ದರು. ಎರಡನೆಯದು ಬರಲಿಲ್ಲ. ಅವರ ಮುಖ ನಿಧಾನವಾಗಿ ಅರಳಿತು.

"ಒಂದೇ ಕಣವ್ವ! ಯಾರ್ ಮನೇಲಿ ಗಂಡುಮಗ ಹುಟ್ತು?"

ಅವರ ಕಡೆ ಗಂಡು ಮಗು ಹುಟ್ಟಿದರೆ ಒಂದು ಸಲ ಹಾರಿಸುವುದಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಗಂಡನಿಗೆ ಗೊತ್ತಿತ್ತು; ಕೋವಿ ಹಿಡಿದುಕೊಂಡು ಅಂಗಳದಲ್ಲೇ ಕಲ್ಲಾಗಿದ್ದ.

"ಹೇಳೇ, ಯಾರ್ ಮನೇಲಿ?"

"ಕೆಳಗಿನ ಕೇರೀಲಿ, ದೊಡ್ಡವ್ವ."

"ಬಾಯಿಗೆ ವಸಿ ಸಕ್ಕರೆ ಹಾಕು ಮತ್ತೆ."

ಒಳಗೆ ಓಡಿ ಹೋಗಿ ಸಕ್ಕರೆ ತಂದು ಅಂಗೈಗೆ ಹಾಕಿದೆ. ನೆಕ್ಕಿದರು. ಎಷ್ಟೋ ದಿನದ ಮೇಲೆ ಅವರ ಬಾಯಿಗೆ ಏನಾದರೂ ಹೋದದ್ದು ಅದೇ. ಹಿಂದೆಯೇ ಗಂಜಿ ತಂದೆ, ಅದನ್ನೂ ಕುಡಿದರು. ಅಂಗಳದ ಕಡೆ ತಿರುಗಿ ಗಂಡನಿಗೆ ಬೇಡ ಎಂದು ಕೈ ಮಾಡಿದೆ. ಅವನು ಮದ್ದನ್ನು ಹೊರಗೆ ತೆಗೆದು ನೀರಿಗೆ ಹಾಕಿದ. ಎರಡನೆಯ ಸದ್ದು ಮಾವನಿಗೆ ಸಿಗಲೇ ಇಲ್ಲ.

ಕೋವಿ ಒಪ್ಪಿಸಿ ಬಂದ ಸಂಜೆ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವತ್ತು ನೀನು ಬರದಿದ್ರೆ…" ಎಂದ. ರೊಟ್ಟಿ ತಿನ್ನಿ ಎಂದೆ.

ದೊಡ್ಡವ್ವ ಇನ್ನೂ ಇದ್ದಾರೆ. ತಮ್ಮನನ್ನು ಕೇಳುವುದು ಕಡಿಮೆಯಾಗಿದೆ. ಕೇಳುವುದೆಲ್ಲ ಕೆಳಗಿನ ಕೇರಿಯ ಆ ಮಗುವಿನದು. ಏನು ಹೆಸರಿಟ್ಟರು ಎಂದರು, ಬಾಯಿಗೆ ಬಂದ ಹೆಸರು ಹೇಳಿದೆ. ಹಲ್ಲು ಬಂತಾ ಎಂದರು, ಬಂತು ಎಂದೆ. ನಿನ್ನೆ ಅವರ ತಲೆ ಬಾಚುತ್ತಿದ್ದಾಗ, "ನಡೀತಾನಾ?" ಎಂದು ಕೇಳಿದರು.

"ಇನ್ನೂ ಇಲ್ಲ ದೊಡ್ಡವ್ವ. ಗೋಡೆ ಹಿಡ್ಕೊಂಡು ನಿಂತ್ಕತಾನೆ" ಎಂದೆ.